ಆಗ್ಲಿ, ನೋಡಾಣ

"ಇನ್ನೊಂದ್ಸಲ ಓದೇ," ಎಂದ ದ್ಯಾವಯ್ಯ.

ಗಂಗಾಮಣಿ ಗಂಡನ ಹೆಸರಿದ್ದ ಸುದ್ದಿಯನ್ನು ಮೂರನೇ ಸಲ ಓದಿದಳು. "'ಹಳ್ಳಕ್ಕೆ ಕಟ್ಟೆ ಆಗಲಿ: ಮಾಜಿ ಸೈನಿಕ ದ್ಯಾವಯ್ಯ.' ಅಷ್ಟೇ ಐತೆ. ಫೋಟೋ ಚೆನ್ನಾಗಿ ಬಂದೈತೆ."

"ಫೋಟೋಗಿಷ್ಟು ಬೆಂಕಿ ಹಾಕ!"

ವನಗೂರಿನ ಮೇಲಿನ ಹಳ್ಳಕ್ಕೆ ಕಟ್ಟೆ ಕಟ್ಟಿ ಕರೆಂಟ್ ತೆಗೆಯಲು ಒಂದು ಕಂಪನಿ ಬಂದಿತ್ತು. ಊರಿನ ಇಪ್ಪತ್ತು ಮನೆಗಳ ಗದ್ದೆಗೆ ಅದೇ ನೀರು. ಕಾರ್ಗಿಲ್ ಯುದ್ಧ ಮುಗಿದ ಮರುವರ್ಷ ಅದು. ಮಾಜಿ ಸೈನಿಕರ ಮಾತಿಗೆ ಬೆಲೆಯಿತ್ತು. ಪತ್ರಿಕೆಯ ವರದಿಗಾರ ಕುಮಾರ್ ದ್ಯಾವಯ್ಯನನ್ನು ಹುಡುಕಿಕೊಂಡು ಬಂದ. ಹದಿನೇಳು ವರ್ಷ ಮಿಲಿಟರಿ ಲಾರಿ ಓಡಿಸಿದ ದ್ಯಾವಯ್ಯ, ಹರಾಜಿನಲ್ಲಿ ಕೊಂಡ ಮಿಲಿಟರಿ ಜೀಪಿನಲ್ಲಿ ಈಗ ಊರವರನ್ನು ಪೇಟೆಗೆ ಕರೆದೊಯ್ಯುತ್ತಿದ್ದ. ಗಾಡಿಯ ಮಾತು ಬಂದರೆ ಅವನ ಬಾಯಿಗೆ ಬ್ರೇಕಿಲ್ಲ. ಟ್ಯಾಂಕು ಟೀವಿಯಲ್ಲಿ ನೋಡಲು ಚೆಂದ, ಯುದ್ಧ ಗೆಲ್ಲಿಸುವುದು ಅಕ್ಕಿ ಹೊತ್ತ ಲಾರಿ ಎಂದ. ಕಡೆಗೆ ಕುಮಾರ್ ಕಟ್ಟೆಯ ವಿಷಯ ಕೇಳಿದಾಗ, ಮನೆಗೆ ಬಂದವನ ಮುಖ ಮುರಿಯಬಾರದೆಂದು, "ಆಗ್ಲಿ, ನೋಡಾಣ" ಎಂದಿದ್ದ.

ಈ ಬೆಟ್ಟದಲ್ಲಿ ಹಾಗೆಂದರೆ ಆಗುವುದಿಲ್ಲ ಎಂದೇ ಅರ್ಥ. ಹೆಣ್ಣು ಕೇಳಲು ಬಂದವರಿಗೂ ಹಾಗೇ ಹೇಳುತ್ತಾರೆ. ಅವರು ಕಾಫಿ ಕುಡಿದು, ತಿಳಿದುಕೊಂಡು ಎದ್ದು ಹೋಗುತ್ತಾರೆ. ಹೊಸದಾಗಿ ಬಯಲುಸೀಮೆಯಿಂದ ಬಂದಿದ್ದ ಕುಮಾರ್ ಮಾತ್ರ 'ಆಗ್ಲಿ'ಯನ್ನು ಬರೆದುಕೊಂಡು, 'ನೋಡಾಣ'ವನ್ನು ಜೀಪಿನ ಪಕ್ಕದಲ್ಲೇ ಬಿಟ್ಟು ಹೋದ.

ಪೇಪರ್ ಬಂದಾಗಿನಿಂದ ಒಬ್ಬರೂ ಜೀಪು ಹತ್ತಿರಲಿಲ್ಲ. ಆ ಬೆಳಿಗ್ಗೆ ಏರಿನಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದ ರಾಜಲಕ್ಷ್ಮಮ್ಮನ ಪಕ್ಕ ಅವನೇ ಗಾಡಿ ನಿಲ್ಲಿಸಿದ್ದ.

"ಹತ್ತಕ್ಕ."

"ಆಗ್ಲಿ, ನೋಡಾಣ," ಎಂದು ಅವಳು ತಿರುಗಿಯೂ ನೋಡದೆ ನಡೆದಿದ್ದಳು. ಕಪಾಳಕ್ಕೆ ಹೊಡೆದಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ.

"ತಪ್ಪಾಗೈತೆ, ತಿದ್ದಿ ಅಂತ ಪೇಪರ್ನೋರಿಗೆ ಬರೀರಿ," ಎಂದಳು ಗಂಗಾಮಣಿ.

"ತಿದ್ದಿದ್ದನ್ನ ಒಳಗಿನ ಪುಟದಾಗೆ ಬೆರಳಗಲ ಹಾಕ್ತಾರೆ. ಯಾವನು ಓದ್ತಾನೆ? ಬಾಯಿಂದ ಹೋಗಿದ್ದನ್ನ ಬಾಯಿಂದ್ಲೇ ತರ್ತೀನಿ." ಅವನು ಜೀಪಿನ ಕೀ ತೆಗೆದುಕೊಂಡ.

ವನಗೂರಿನ ಶಾಲೆಯ ಅಂಗಳದಲ್ಲಿ ಕಟ್ಟೆಯ ವಿಷಯಕ್ಕೆ ಸಭೆ ಸೇರಿತ್ತು. ಊರವರೆಲ್ಲ ನಡೆದೇ ಬಂದಿದ್ದರು. ಸಭೆ ಕರೆದಿದ್ದ ಅಧಿಕಾರಿ ದ್ಯಾವಯ್ಯನನ್ನು ಕಂಡು ನಕ್ಕರು. "ಬನ್ನಿ. ನೀವು ಒಪ್ಪಿದ್ದೀರಂತಲ್ಲ, ಪೇಪರಿನಲ್ಲಿ ನೋಡಿದೆ."

ಹೊರಗಿನಿಂದ ಬಂದವರ ಮುಖಕ್ಕೆ ಇಲ್ಲ ಎಂದು ಅವನು ಹುಟ್ಟಿದಾರಭ್ಯ ಹೇಳಿದವನಲ್ಲ. ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತ.

"ಕರೆಂಟ್ ಬ್ಯಾಡ ಅನ್ನಲ್ಲ ಸಾರ್. ನಮ್ಮನೇಲೂ ದೀಪ ಮಿಣಮಿಣ ಅಂತೈತೆ. ಆದ್ರೆ ಗದ್ದೆ ನೀರು ಕೊಟ್ಟು ಕರೆಂಟ್ ತಗಳಲ್ಲ. ಆಗಲ್ಲ. ನೋಡೋದೂ ಇಲ್ಲ." ಆಮೇಲೆ ಪಕ್ಕದಲ್ಲಿ ಪೆನ್ನು ಹಿಡಿದು ಕೂತಿದ್ದ ಕುಮಾರನ ಕಡೆ ತಿರುಗಿದ. "ಬರ್ಕಳಪ್ಪ. ಎರಡೂ ಬರ್ಕ."

ಅಧಿಕಾರಿಯ ನಗೆ ಮಾಸಿತು. ಪಾಪ, ನೆಂಟನನ್ನು ಹೊಸಿಲಿನಿಂದಲೇ ಅಟ್ಟಿದ ಹಾಗಾಯಿತಲ್ಲ ಎಂದು ದ್ಯಾವಯ್ಯನಿಗೆ ನಾಚಿಕೆಯಾಯಿತು. ಆದರೂ ಆಡಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಸಭೆ ಮುಗಿದ ಮೇಲೆ, ಯಾರ ಮುಖವನ್ನೂ ನೋಡದೆ ಜೀಪಿನ ಹತ್ತಿರ ಬಂದ. ಮುಂದಿನ ಸೀಟಿನಲ್ಲಿ ರಾಜಲಕ್ಷ್ಮಮ್ಮ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ಕೂತಿದ್ದಳು.