ಮ್ಯಾನೇಜರರಿಗೆ ಹಾಕಿದ ಆರು ಎಸೆತ

ಮ್ಯಾನೇಜರರಿಗೆ ಬ್ಯಾಟಿಂಗ್ ಬರುತ್ತಿರಲಿಲ್ಲ. ಈ ಸಂಗತಿ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವವನಿಂದ ಹಿಡಿದು ಬಾಗಿಲು ಕಾಯುವವನ ತನಕ ಎಲ್ಲರಿಗೂ ಗೊತ್ತಿತ್ತು, ಗೊತ್ತಿಲ್ಲದವರು ಮ್ಯಾನೇಜರರೊಬ್ಬರೇ. ಪ್ರತಿ ವರ್ಷ ಪಕ್ಕದ ಪ್ರೆಸ್ಸಿನವರ ಜೊತೆ ಪಂದ್ಯ ಬಂದಾಗ ಆ ಮಹಾನುಭಾವರು ತಾವೇ ಪ್ಯಾಡು ಕಟ್ಟಿಕೊಂಡು ನಿಂತು ಬೌಲರುಗಳನ್ನು ಆರಿಸುತ್ತಿದ್ದರು. ಯಾರೂ ಅವರನ್ನು ಔಟ್ ಮಾಡುತ್ತಿರಲಿಲ್ಲ. ಹೊಟ್ಟೆಪಾಡು ನೋಡಿ.

ಎಡಗೈ ಸ್ಪಿನ್ ಹಾಕುವ ಬೈಂಡರನಿಗೆ ಈ ಸಲ ತಂಡ ಸೇರಲೇಬೇಕಿತ್ತು. ಹನ್ನೊಂದು ವರ್ಷ ಸ್ಪಿನ್ನರಿನ ಜಾಗ ಬಿಡದೆ ಕೂತಿದ್ದ ಪ್ರೂಫ್ ನೋಡುವ ಹಿರಿಯರು ಈಗಷ್ಟೇ ನಿವೃತ್ತರಾಗಿದ್ದರು. ಬೈಂಡರನಿಗೂ ನಲವತ್ತು ತುಂಬಿ ಭುಜ ಗೊಣಗಲು ಶುರುಮಾಡಿತ್ತು. ಈ ವರ್ಷ ತಪ್ಪಿದರೆ ಮುಗಿಯಿತು. ಎದುರಾಳಿ ಒಬ್ಬನೇ, ಸೇರಿ ತಿಂಗಳೂ ಆಗದ ಮಷಿನ್‌ಮನ್. ಆ ಬಡಪಾಯಿಗೆ ಇಲ್ಲಿನ ರೀತಿನೀತಿ ಯಾರೂ ಹೇಳಿಕೊಟ್ಟಿರಲಿಲ್ಲ. ಬೈಂಡರ್ ಅಂತೂ ಆ ಗೋಜಿಗೇ ಹೋಗಲಿಲ್ಲ.

ಮ್ಯಾನೇಜರರು ಹೊಟ್ಟೆ ಮುಂದೆ ಮಾಡಿಕೊಂಡು ಗೂಟ ಹೊಡೆದ ಹಾಗೆ ನಿಂತರು. ಮಧ್ಯದ ಸ್ಟಂಪಿನ ನೇರಕ್ಕೆ ಬಿದ್ದು ಹೊರಕ್ಕೆ ತಿರುಗುವ ಒಂದೇ ಒಂದು ಎಸೆತ ಸಾಕಿತ್ತು, ಅವರ ಆಟ ಮುಗಿಯುತ್ತಿತ್ತು. ಬೈಂಡರನ ಬೆರಳು ತುರಿಸಿದವು. ಆದರೂ ಹಲ್ಲು ಕಚ್ಚಿಕೊಂಡು, ಎಳೇ ಕೂಸೂ ಹೊಡೆಯುವಂಥ ಆರು ಫುಲ್‌ಟಾಸ್ ಬಡಿಸಿದ. ಮ್ಯಾನೇಜರರು ಆರನ್ನೂ ಬೇಲಿಗೆ ಅಟ್ಟಿದರು.

"ಭೇಷ್ ಸರ್!" ಎಂದು ಚಪ್ಪಾಳೆ ತಟ್ಟಿದವನೂ ಇವನೇ.

ಆಮೇಲೆ ಮಷಿನ್‌ಮನ್ ಬಂದ. ಮೊದಲನೇ ಎಸೆತಕ್ಕೇ ಮ್ಯಾನೇಜರರ ಬೇಲ್ಸ್ ಹಾರಿದವು. ಚಪ್ಪಾಳೆಗೆಂದು ಎತ್ತಿದ್ದ ಕೈಗಳೆಲ್ಲ ಕೆಳಗಿಳಿದವು. ಇವನ ಕಥೆ ಮುಗೀತು ಎಂದು ಬೈಂಡರ್ ಒಳಗೊಳಗೇ ಹಿಗ್ಗಿದ.

ಮ್ಯಾನೇಜರರು ಬಿದ್ದ ಬೇಲ್ಸ್ ನೋಡಿದರು, ಮಷಿನ್‌ಮನ್ನನ್ನು ನೋಡಿದರು. ಮುಖ ಅರಳಿತು.

"ನನ್ನನ್ನೇ ಔಟ್ ಮಾಡಿದ್ಯಲ್ಲೋ! ಇಂಥ ಬೌಲರ್ ಈ ಊರಲ್ಲೇ ಇಲ್ಲ. ಜಾಗ ನಿಂದೇ!"

ಬೈಂಡರ್ ಮುಂದಕ್ಕೆ ಓಡಿ ಬಂದ. "ಸರ್, ನಾನು ಬೇಕಂತಲೇ ಸುಲಭವಾಗಿ ಹಾಕಿದ್ದು ಸರ್. ನಿಮ್ಮ ಮರ್ಯಾದೆಗೋಸ್ಕರ."

"ಹೊಡೆಸ್ಕೊಂಡೋರೆಲ್ಲ ಹೀಗೇ ಹೇಳೋದು ಕಣಯ್ಯ," ಎಂದು ಮ್ಯಾನೇಜರರು ಅವನ ಬೆನ್ನು ತಟ್ಟಿದರು. "ನನ್ನಂಥೋರಿಗೆ ಬೌಲಿಂಗ್ ಮಾಡೋದು ಎಲ್ಲರ ಕೈಲೂ ಆಗಲ್ಲ. ಬೇಕಾದ್ರೆ ಇವರನ್ನೇ ಕೇಳು."

ಬೈಂಡರ್ ಸುತ್ತ ನೋಡಿದ. ದಿನಾ ಅವನ ಜೊತೆ ಕೂತು ಉಣ್ಣುವವರೆಲ್ಲ ನೆಲ ನೋಡುತ್ತಾ, "ಹೌದು ಸರ್, ಹೌದು ಸರ್" ಎಂದರು. ಅವರ ಜಾಗದಲ್ಲಿದ್ದರೆ ತಾನೂ ಅದನ್ನೇ ಅನ್ನುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.