ಮೊದಲ ಕೂರಿಗೆ

ಮಾವ ಎರಡು ಕೆಲಸಗಳನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಂದು, ಎತ್ತುಗಳಿಗೆ ನೀರು ಕುಡಿಸುವುದು. ಇನ್ನೊಂದು, ಸೊಸೆ ಕಾಯಿಸಿದ ಗಂಜಿಗೆ ಉಪ್ಪು ಸಾಲದು ಎನ್ನುವುದು. ಅಂದು ಬೆಳಿಗ್ಗೆ ಎರಡನ್ನೂ ಮುಗಿಸಿ ಜಗಲಿಯ ಮೇಲೆ ಕೂತು ಬೀಜ ಬಿತ್ತುವ ಕೂರಿಗೆಯ ಹಗ್ಗ ಬಿಗಿಯುತ್ತಿದ್ದರು. ಹಿಂದಿನ ದಿನ ವರ್ಷದ ಮೊದಲ ದೊಡ್ಡ ಮಳೆ ಬಿದ್ದಿತ್ತು. ಸೊಸೆ ಆಗಲೇ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ಹಿಚುಕಿ ನೋಡಿ ಬಂದಿದ್ದಳು. ಹಿಚುಕಿದರೆ ಉಂಡೆಯಾಗುತ್ತಿತ್ತು, ಬೆರಳು ತಾಗಿಸಿದರೆ ಉದುರುತ್ತಿತ್ತು. ಬಿತ್ತುವುದಕ್ಕೆ ಅದಕ್ಕಿಂತ ಒಳ್ಳೆಯ ಹದ ಬೇರೆ ಇಲ್ಲ.

"ಮಾವ, ಹದ ಬಂದಿದೆ," ಎಂದಳು.

"ಬಂದಿರುತ್ತೆ. ದೊಡ್ಡಮನೆ ಹೊಲದಲ್ಲೂ ಬಂದಿರುತ್ತೆ."

ಆ ಊರಿನ ರೋಗ ಇಷ್ಟೇ ಮಾತಿನಲ್ಲಿತ್ತು. ಮೊದಲು ಆ ಹೊಲವೆಲ್ಲ ದೊಡ್ಡಮನೆಯ ಯಜಮಾನರದು. ಮಾವ, ಮಾವನ ಅಪ್ಪ, ಅವರಪ್ಪ ಎಲ್ಲರೂ ಅದನ್ನು ಗೇಣಿಗೆ ಉತ್ತವರು. ಉಳುವವನಿಗೇ ಹೊಲ ಎಂಬ ಕಾನೂನು ಬಂದಾಗ ಅಳತೆಯವರು ಬಂದು ನಡುವೆ ಕಲ್ಲು ನೆಟ್ಟರು. ಕಲ್ಲಿನಾಚೆಯ ವಿಸ್ತಾರವಾದ ಹೊಲ ಯಜಮಾನರಿಗೆ ಉಳಿಯಿತು. ಈಚೆಯದು ಮಾವನ ಹೆಸರಿಗೆ ಬಂತು. ಊರಿನ ಇನ್ನಷ್ಟು ಮನೆಗಳಿಗೂ ಹೀಗೆಯೇ ಹೊಲ ಸಿಕ್ಕಿತು. ಆದರೆ ಮೊದಲ ಕೂರಿಗೆ ಮಾತ್ರ ದೊಡ್ಡಮನೆಯದಾಗಿಯೇ ಉಳಿಯಿತು. ಮಳೆ ಬಿದ್ದ ಕೂಡಲೇ ಎಲ್ಲರೂ ತಮ್ಮ ಎತ್ತು, ತಮ್ಮ ಬೀಜ, ತಮ್ಮ ಹೆಂಗಸರ ಸಮೇತ ಹೋಗಿ ಯಜಮಾನರ ಹೊಲ ಬಿತ್ತಿಕೊಡಬೇಕು. ಅದಕ್ಕೆ ಕೂಲಿಯಿಲ್ಲ. ಅದರ ಹೆಸರು ಮರ್ಯಾದೆ. ಅಷ್ಟು ದೊಡ್ಡ ಹೊಲ ಮುಗಿಯುವ ಹೊತ್ತಿಗೆ ಬಿಸಿಲು ಕಾದು ತಮ್ಮ ಹೊಲದ ಹದ ಆರಿರುತ್ತದೆ. ಒಣಮಣ್ಣಿಗೆ ಬಿದ್ದ ಬೀಜ ಅರ್ಧ ಹುಟ್ಟುತ್ತದೆ, ಹುಟ್ಟಿದ್ದು ಮೊಣಕಾಲು ದಾಟುವುದಿಲ್ಲ. ಕಾನೂನು ಇವರಿಗೆ ಹೊಲ ಕೊಟ್ಟಿತು. ಹದವನ್ನು ಮಾತ್ರ ಇವರೇ ಕೈಯಾರೆ ಒಯ್ದು ದೊಡ್ಡಮನೆಗೆ ಒಪ್ಪಿಸಿ ಬರುತ್ತಿದ್ದರು.

ಸುಗ್ಗಿಯಲ್ಲಿ ಯಜಮಾನರು ಇವರ ಕುಳ್ಳ ಪೈರು ನೋಡಿ ಮರುಗುತ್ತಿದ್ದರು. "ಹೊಲ ಬಂದ ಮಾತ್ರಕ್ಕೆ ಬೇಸಾಯ ಬಂದ್ಬಿಡುತ್ತೇನಪ್ಪಾ? ನಂಗೆ ಬಿಟ್ಕೊಡು, ಮೊದಲಿನ ಹಾಗೆ ಕೆಲಸ ಮಾಡ್ಕೊಂಡಿರು." ಮೂಲೆಮನೆಯವರು ಬಿಟ್ಟುಕೊಟ್ಟೂ ಆಗಿತ್ತು. ಈ ಬೆಳೆಯೂ ಕೈಕೊಟ್ಟರೆ ತಾವೂ ಬಿಡುವುದಾಗಿ ಮಾವ ಮಾತು ಕೊಟ್ಟಿದ್ದರು. ಸೊಸೆಯ ಗಂಡ ಆಗಲೇ ಹೊಟ್ಟೆಪಾಡಿಗೆ ಇಟ್ಟಿಗೆ ಭಟ್ಟಿ ಸೇರಿದ್ದ. ಹೊಲ ಹೋದರೆ ಸೊಸೆಯೂ ಮಗಳನ್ನು ಶಾಲೆ ಬಿಡಿಸಿ ಅಲ್ಲಿಗೇ ಹೋಗಬೇಕು. ಭಟ್ಟಿಯಲ್ಲಿ ಮಕ್ಕಳು ಬಿಸಿಲಲ್ಲಿ ಕೂತು ಹಸಿ ಇಟ್ಟಿಗೆ ಮಗುಚುತ್ತಾರೆ. ಗಂಡನ ಬೆರಳ ತುದಿಗಳಲ್ಲಿ ಚರ್ಮ ನಿಂತಿರಲಿಲ್ಲ. ಅದನ್ನು ಕಂಡ ದಿನದಿಂದ ಅವಳು ಮಲಗಿದ ಮಗಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು.

"ಮಾವ, ಹೋದ ವರ್ಷ ನೀವು ಮರೆತು ಮರದವರೆಗೂ ಹೊಡೆದ ಸಾಲು ನೆನಪಿದೆಯಾ?"

"ಊರೇ ನಕ್ಕಿದ್ದು ಮರೆಯೋಕಾಗುತ್ತಾ?"

ಹೋದ ವರ್ಷ ದೊಡ್ಡಮನೆ ಹೊಲ ಬಿತ್ತುವಾಗ ಮಾವ ಕಲ್ಲಿನ ಹತ್ತಿರ ತಿರುಗಿಸದೆ, ಕಲ್ಲು ದಾಟಿ ತಮ್ಮದೇ ಹೊಲದ ಕೊನೆಯ ಮರದವರೆಗೆ ಕೂರಿಗೆ ಹೊಡೆದಿದ್ದರು. ಕಲ್ಲು ನೆಡುವ ಮೊದಲು ಜೀವಮಾನವೆಲ್ಲ ಆ ಮರದ ಹತ್ತಿರವೇ ತಿರುಗಿಸಿದವರು. ಎತ್ತುಗಳಿಗೂ ಅದೇ ರೂಢಿ. ಹಿಂದೆ ಬೀಜ ಬಿಡುತ್ತ ಬರುತ್ತಿದ್ದ ಸೊಸೆ ನೋಡಿಯೂ ಸುಮ್ಮನಿದ್ದಳು. ಮಾವನನ್ನು ತಿದ್ದುವ ಸೊಸೆ ಆ ಮನೆಗೆ ಅಲ್ಲಿಯವರೆಗೆ ಬಂದಿರಲಿಲ್ಲ.

"ನಕ್ಕಿದ್ದು ಬಿಡಿ. ಆ ಸಾಲಿನ ಜೋಳ ನಿಮ್ಮ ತಲೆ ಮೇಲೆ ಹೋಯ್ತು. ಆಮೇಲೆ ಬಿತ್ತಿದ ಪಕ್ಕದ ಸಾಲು ಮೊಣಕಾಲಿಗೇ ನಿಂತಿತು. ಮಣ್ಣು ಒಂದೇ. ಹೊಡೆದೋರು ನೀವೇ, ಬೀಜ ಬಿಟ್ಟವಳು ನಾನೇ."

"ದೊಡ್ಡಮನೆ ಕೈಗುಣ ಕಣಮ್ಮಾ ಅದು."

"ದೊಡ್ಡಮನೆ ಕೈ ಎಲ್ಲಿತ್ತು ಅಲ್ಲಿ? ಛತ್ರಿ ಹಿಡ್ಕೊಂಡಿತ್ತು. ಬೀಜ ಕೂಡ ನಮ್ಮ ಮಡಕೆದೇ."

ಮಾವ ತಲೆ ಕೆರೆದುಕೊಂಡರು. "ಅವರ ಉಪ್ಪು ತಿಂದಿದೀವಿ."

"ತಿಂದೂ ತಿಂದೂ ಅಲ್ವಾ, ನನ್ನ ಗಂಜಿಗೆ ಸಾಲದೇ ಇರೋದು?"

ಒಳಗಿನಿಂದ ಅತ್ತೆ ಗದರಿದಳು. "ನಾಲಿಗೆ ಉದ್ದ ಆಯ್ತು ನಿಂದು. ನಮ್ಮ ಮನೆಯಿಂದಲೇ ಮೊದಲಾಗ್ಬೇಕಾ? ಬೇರೆಯವರು ಮಾಡ್ಲಿ, ಆಮೇಲೆ ನೋಡೋಣ."

"ಅವರ ಮನೆಗಳಲ್ಲೂ ಈಗ ಇದೇ ಮಾತು ನಡೀತಿರುತ್ತೆ ಅತ್ತೆ."

ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಎತ್ತು ಹೂಡಿಕೊಂಡು ಹೊರಟರು. ಸೊಸೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆದಳು. ಕೂರಿಗೆ ಹೊಡೆಯುವವರು ಒಬ್ಬರಾದರೆ ಅದರ ಬಟ್ಟಲಿಗೆ ಬೀಜ ಬಿಡುವ ಕೈ ಇನ್ನೊಂದು ಬೇಕು. ಅತ್ತೆಯ ಕೈಗೆ ವಾತ ಬಂದ ಮೇಲೆ ಆ ಮನೆಯಲ್ಲಿ ಅಂಥ ಕೈ ಇವಳದೊಂದೇ.

ಕಲ್ಲಿನಾಚೆ ಊರಿನ ಕೂರಿಗೆಗಳೆಲ್ಲ ಸಾಲಾಗಿ ನಿಂತಿದ್ದವು. ಯಜಮಾನರು ಛತ್ರಿಯ ಕೆಳಗೆ ನಿಂತಿದ್ದರು. ಮಾವ ಕಲ್ಲು ದಾಟಿದರು. ಸೊಸೆ ಈಚೆಗೇ ನಿಂತಳು.

"ಯಾಕಮ್ಮಾ ನಿಂತೆ?" ಎಂದರು ಯಜಮಾನರು.

ಅವಳು ಉಡಿಯ ಗಂಟು ಹಿಡಿದುಕೊಂಡಳು. ಮಾತು ತಡವರಿಸಲಿಲ್ಲ. "ನಮ್ಮ ಹೊಲ ಬಿತ್ಕೋತೀವಿ ಯಜಮಾನರೇ. ಹದ ಆರಿಹೋಗುತ್ತೆ."

"ನಂದು ಆರಲ್ವಾ?"

"ಆರುತ್ತೆ. ನೀವೂ ಆಳು ಹಿಡಿದು ಇವತ್ತೇ ಬಿತ್ತಿಸಿ. ನಮ್ಮದು ಮುಗಿದ ಮೇಲೆ ಕೂಲಿ ಕೊಟ್ಟು ಕರೆದ್ರೆ ನಾನೂ ಬರ್ತೀನಿ."

ಸಾಲಿನಲ್ಲಿ ಯಾರೋ ಕೆಮ್ಮಿದರು. ಮಾವನ ಮುಖ ಕಪ್ಪಿಟ್ಟಿತು. "ಬಾರಮ್ಮಾ, ನಾಲ್ಕು ಜನರ ಮುಂದೆ ಮಾನ ಕಳೀಬೇಡ."

"ಆ ಕಡೆ ಬರಲ್ಲ ಮಾವ. ನೀವು ಈ ಕಡೆ ಬಂದ್ರೆ ಬೀಜ ಬಿಡ್ತೀನಿ. ಬರದಿದ್ರೆ ಕೈಯಲ್ಲೇ ಕೆದರಿ ಊರ್ತೀನಿ. ನನ್ನ ಮಗಳನ್ನ ಭಟ್ಟಿಗೆ ಕರ್ಕೊಂಡು ಹೋಗಲ್ಲ."

ಹೀಗೆಂದವಳು ನೆಟ್ಟಗೆ ಹೊಲದ ಕೊನೆಯ ಮರದ ಬುಡಕ್ಕೆ ಹೋಗಿ, ಮಂಡಿಯೂರಿ, ಬೆರಳಿನಿಂದಲೇ ಮಣ್ಣು ಸರಿಸಿ ಕಾಳು ಹಾಕತೊಡಗಿದಳು. ಯಜಮಾನರ ಆಳೊಬ್ಬ ನಕ್ಕ. ಜೊತೆಗೆ ನಗುವವರು ಸಿಗದೆ ಸುಮ್ಮನಾದ. ಕೈಯಿಂದ ಊರಿದರೆ ಆ ಹೊಲ ಯಾವ ಕಾಲಕ್ಕೂ ಮುಗಿಯದು ಎಂದು ಅವಳಿಗೂ ಗೊತ್ತಿತ್ತು, ನೋಡುತ್ತಿದ್ದವರಿಗೂ ಗೊತ್ತಿತ್ತು. ಅವಳು ತಲೆಯೆತ್ತಲಿಲ್ಲ.

ಮಾವ ಎತ್ತುಗಳ ಬೆನ್ನು ಸವರಿದರು. ಆಮೇಲೆ ಹಗ್ಗ ಎಳೆದು ಅವನ್ನು ಹಿಂದಕ್ಕೆ ತಿರುಗಿಸಿದರು.

"ನೀನೂನಾ?" ಎಂದರು ಯಜಮಾನರು.

"ಬೇಸಿಗೇಲಿ ಈ ಎತ್ತುಗಳು ಹೊಟ್ಟೆ ತುಂಬ ತಿಂದಿದ್ದು ಆ ಒಂದು ಸಾಲಿನ ಮೇವು ಇರೋವರೆಗೆ ಮಾತ್ರ, ಯಜಮಾನರೇ," ಎಂದರು ಮಾವ. ದನಿ ಏರಿಸಲಿಲ್ಲ. "ನಂಗೂ ಕಂಡಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ."

ಮರದ ಬುಡದಿಂದ ಕೂರಿಗೆ ಹೊರಟಿತು. ಸೊಸೆ ಕೈಯ ಮಣ್ಣು ಸೀರೆಗೆ ಒರೆಸಿ, ಮುಷ್ಟಿ ಬಿಗಿ ಮಾಡಿ, ಬಟ್ಟಲಿಗೆ ಸಮನಾಗಿ ಬೀಜ ಬಿಡುತ್ತ ನಡೆದಳು. ಅವಳ ಕಣ್ಣು ತುಂಬಿತ್ತು; ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಆಚೆ ಸಾಲಿನ ಹೆಂಗಸರು ತಮ್ಮ ಗಂಡಂದಿರ ಮುಖ ನೋಡುತ್ತಿದ್ದರು.

ಕಲ್ಲಿನ ಹತ್ತಿರ ಬಂದಾಗ ಎತ್ತುಗಳು ನಿಲ್ಲಲಿಲ್ಲ. ಹಳೆಯ ರೂಢಿಯಂತೆ ದೊಡ್ಡಮನೆ ಹೊಲದ ಕಡೆಗೇ ಕಾಲು ಹಾಕಿದವು. ಎಲ್ಲರೂ ನೋಡುತ್ತಿದ್ದರು. ಸೊಸೆ ಈ ಸಲ ಸುಮ್ಮನಿರಲಿಲ್ಲ.

"ಮಾವ, ಕಲ್ಲು."

"ಕಂಡೆ ಕಣಮ್ಮಾ," ಎಂದರು ಮಾವ. ಹಗ್ಗ ಜಗ್ಗಿ ಹಿಡಿದು, "ಇಲ್ಲಿಗೇ ನಮ್ಮದು, ತಿರುಗ್ರೋ," ಎಂದು ಎತ್ತುಗಳನ್ನು ಕಲ್ಲಿನ ಈಚೆಗೇ ತಿರುಗಿಸಿದರು.