ಕಸ್ತೂರೆವ್ವ ಬೇಡವೆಂದದ್ದು

ಗೋಡೆಗೆ ಒರಗಿಸಿ ಕೂರಿಸಿದ್ದ ಅತ್ತೆ ಕಸ್ತೂರೆವ್ವನ ತಲೆ ಮತ್ತೆ ಎಡಕ್ಕೆ ವಾಲಿತು. ಚನ್ನವ್ವ ಅದನ್ನು ನೆಟ್ಟಗೆ ಮಾಡಿ, ಗದ್ದದ ಕೆಳಗಿನಿಂದ ಬಿಳಿಯ ಅರಿವೆ ತಂದು ಗೋಡೆಯ ಗೂಟಕ್ಕೆ ಬಿಗಿದಳು.

"ಹಗೂರಕ ಕಟ್ಟವಾ, ನೋವಾದೀತು," ಎಂದಳು ಪಕ್ಕದ ಮನೆಯ ಶಿವಗಂಗವ್ವ. ಹೇಳಿದ ಮೇಲೆ ತನಗೇ ನಗು ಬಂದು, ನಗುವಿನ ಹಿಂದೆಯೇ ಅಳು ಬಂತು. "ಜೀವಂತ ಇದ್ದಾಗರ ಎಲ್ಲಿ ಒಂದ ಕಡೆ ಕುಂತಿದ್ಳು ಈಕಿ? ನಲವತ್ತ ವರ್ಸ ಮಠದಾಗ ರೊಟ್ಟಿ ಬಡದ್ಳು. ಇವತ್ತ ಮಠದ ಸ್ವಾಮಿ ಅಜ್ಜಾರು ತಾವಽ ಬರಾಕತ್ತಾರ, ಮಣ್ಣ ಕೊಡೂ ಮುಂದ ತಲಿ ಮ್ಯಾಲ ಪಾದಾ ಇಡಾಕ. ಪುಣ್ಯೇವಂತಿ!"

ಚನ್ನವ್ವನ ಕೈ ನಿಂತಿತು. ಹೋದ ವಾರ ಅತ್ತೆ ಇದೇ ಕೈ ಹಿಡಿದು ಹೇಳಿದ್ದಳು: "ಅಜ್ಜಾರ ಪಾದಾ ನನ್ನ ತಲಿ ಮ್ಯಾಲ ಇಡಸಬ್ಯಾಡವಾ. ನಿನ್ನ ಗಂಡ ಕೇಳಾಂಗಿಲ್ಲ. ನೀನಽ ನಿಲ್ಲಬೇಕು."

ನಿಲ್ಲುವುದು ಹೇಗೆ? ಮದುವೆಯಾಗಿ ಹನ್ನೆರಡು ವರ್ಷ. ನಾಲ್ಕು ಜನರ ಮುಂದೆ ಅವಳು ಗಂಡನಿಗೆ ಎದುರು ಮಾತಾಡಿದವಳಲ್ಲ.

*

ಮೂರು ವರ್ಷದ ಹಿಂದೆ, ತೊಂಬತ್ತನೇ ಇಸವಿಯ ಶ್ರಾವಣದ ಕಡೆಯ ಸೋಮವಾರ. ಮಠದ ಪ್ರಸಾದದ ಸಾಲಿನಲ್ಲಿ ಕೂತಿದ್ದ ಕಸ್ತೂರೆವ್ವ, ಹೊರಗೆ ನಿಂತಿದ್ದ ಮಲಕವ್ವನನ್ನು ಕರೆದಳು. ಕುರಿ ಕಾಯುವ ಮನೆತನದ ಮಲಕವ್ವ ಆ ಮಠದ ಅಂಗಳ ಉಡುಗುತ್ತಲೇ ಮುದುಕಿಯಾದವಳು. ಊಟ ಮಾತ್ರ ಹೊರಗಿನ ಕಟ್ಟೆಯ ಮೇಲೆ.

"ಬಾರ ಬೇ, ಇಲ್ಲೇ ಕೂಡು. ಎಲ್ಲಾರೂ ಒಂದಽ ಅಂತ ಅಜ್ಜಾರು ಈಗ ಹೇಳಿಲ್ಲೇನು?"

"ನನ್ನ ಮೈಯೆಲ್ಲಾ ಕುರಿ ನಾತೈತಿ, ಬಿಡು."

"ನನ್ನ ಮೈಯೇನ ಮಲ್ಲಿಗಿ ನಾರತೈತೇನು?"

ಇಬ್ಬರೂ ನಗುತ್ತ ಕೂತರು. ಮಲಕವ್ವ ಎರಡನೆಯ ತುತ್ತು ಎತ್ತುವಾಗ ಬಡಿಸುವವನು ಬಂದು ಅವಳ ಎಲೆ ಎಳೆದ. "ಏಳು, ಹೊರಗ ನಡಿ."

ಎದುರಿಗಿದ್ದ ಅಜ್ಜಾರು ನೋಡಿದರು. ನೋಡಿ ತಮ್ಮ ತಟ್ಟೆಯತ್ತ ಬಾಗಿದರು. ಕಸ್ತೂರೆವ್ವ ಕೂಡ ಏಳಲಿಲ್ಲ. ಎಲೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು.

ಮರುದಿನದಿಂದ ಮಠಕ್ಕೆ ಹೋಗಲಿಲ್ಲ. ಕೊರಳ ಲಿಂಗವನ್ನು ಬಿಡಲಿಲ್ಲ. ಮನೆಯಲ್ಲೇ ಅಂಗೈಯಲ್ಲಿಟ್ಟು ಪೂಜಿಸುತ್ತಿದ್ದಳು.

"ಅಜ್ಜಾರ ಮ್ಯಾಲ ಸಿಟ್ಟೇನ್ರಿ ಅತ್ತಿ?" ಎಂದು ಒಮ್ಮೆ ಚನ್ನವ್ವ ಕೇಳಿದ್ದಳು.

"ಅವರು ಬಾಗಿದ್ರು, ನಾನೂ ಬಾಗಿ ಉಂಡೆ. ನಲವತ್ತ ವರ್ಸದಾಗ ನಾ ಅಲ್ಲಿ ಕಲತದ್ದು ಇದಽ ಏನು ಅಂತ ಸಂಕಟಾ ಆಗತೈತಿ."

*

ಅಜ್ಜಾರು ಬಂದರು. ಮಠದ ಕಮಿಟಿಯಲ್ಲಿದ್ದ ಚನ್ನವ್ವನ ಗಂಡ ವಿರುಪಾಕ್ಷಪ್ಪ ತಂಬಿಗೆಯಿಂದ ನೀರು ಹಾಕಿ ಅವರ ಪಾದ ತೊಳೆದ. ಅಂಗಳದ ಭಜನೆ ನಿಂತಿತು.

"ಅತ್ತಿ ಬ್ಯಾಡ ಅಂದಾರ್ರೀ," ಎಂದಳು ಚನ್ನವ್ವ. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು.

"ಹುಚ್ಚ ಹಿಡದೈತೇನ ನಿನಗ? ಸರಿ ಬಾಜೂಕ!" ವಿರುಪಾಕ್ಷಪ್ಪ ಹಲ್ಲು ಕಚ್ಚಿದ. "ಮಂದಿ ನೋಡಾಕತ್ತಾರ."

"ನೋಡ್ಲಿ."

"ಸಾಯೂ ಮುಂದ ಏನೇನರ ಅಂತಾರ, ತಂಗಿ," ಎಂದು ಅಜ್ಜಾರು ಮೆತ್ತಗೆ ನಕ್ಕು ಬಲಗಾಲು ಎತ್ತಿದರು.

ಚನ್ನವ್ವ ತನ್ನೆರಡೂ ಅಂಗೈಗಳನ್ನು ಅತ್ತೆಯ ತಲೆಯ ಮೇಲೆ ಹರವಿದಳು. ಹೊಸ್ತಿಲಾಚೆ ಹೆಂಗಸರ ಹಿಂದೆ ನಿಂತಿದ್ದ ಮಲಕವ್ವ ಜನರನ್ನು ಸರಿಸುತ್ತ ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ಕಸ್ತೂರೆವ್ವನ ಪಕ್ಕ ಕೂತಳು. ಬಿರುಕು ಬಿಟ್ಟ ಕೈಗಳನ್ನು ಚನ್ನವ್ವನ ಕೈಗಳ ಮೇಲೆ ಇಟ್ಟಳು.

ಅಜ್ಜಾರ ಪಾದ ಇಳಿಯಲೂ ಇಲ್ಲ, ಹಿಂದಕ್ಕೂ ಸರಿಯಲಿಲ್ಲ. ಅದರ ಹಿಮ್ಮಡಿಯಿಂದ ನೀರು ಒಂದೊಂದೇ ಹನಿಯಾಗಿ ಆ ನಾಲ್ಕು ಕೈಗಳ ಮೇಲೆ ಬೀಳುತ್ತಿತ್ತು.